ಹತ್ತು ರಾಗವೋ, ಒಂದೇ ಗಂಟೆಯೋ?

ಹೆಚ್ಚು ಜನ ಕೇಳದ ಎಲೆಕ್ಟ್ರಾನಿಕ್ ಡ್ಯಾನ್ಸ್ ಆಲ್ಬಂ ಬೇಕು ಅಂದರೆ ನನಗೆ ಮೊದಲು ನೆನಪಾಗುವುದು ಎರಡು.

ಒಂದು, ಚರಣ್‌ಜಿತ್ ಸಿಂಗ್ ಅವರ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಸಿಂಗ್, 1982ರಲ್ಲಿ ರೋಲ್ಯಾಂಡ್ ಕಂಪನಿಯ 808 (ಡ್ರಮ್ ಯಂತ್ರ), 303 (ಬೇಸ್ ಸಿಂಥಸೈಜರ್) ಯಂತ್ರಗಳ ಮೇಲೆ ಭೈರವ್, ಯಮನ್‌ನಂಥ ರಾಗಗಳನ್ನು ಕೂರಿಸಿದರು. ಆಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಮತ್ತೆ ಬಂದಾಗ ಕೇಳಿದವರು ಬೆಚ್ಚಿಬಿದ್ದರು. ಶಿಕಾಗೋದ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದಂತೆಯೇ ಇದೆ, ಆದರೆ ಅದಕ್ಕಿಂತ ಹಳೆಯದು! ಮಾಲ್‌ಕೌಂಸ್ ರಾಗ ಬಂದಾಗ, ಕರ್ನಾಟಕ ಸಂಗೀತದಲ್ಲಿ ಅದಕ್ಕೆ ಸಮನಾದ ಹಿಂದೋಳ ಗೊತ್ತಿದ್ದವರ ಕಿವಿ ತಾನಾಗಿ ನೆಟ್ಟಗಾಗುತ್ತದೆ. ತಾಳ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹತ್ತನ್ನೂ ಒಟ್ಟಿಗೆ ಕೇಳಿದರೆ ಸುಸ್ತಾಗುತ್ತದೆ. ದಿನಕ್ಕೆ ಮೂರು ಸಾಕು.

ಇನ್ನೊಂದು, ಜರ್ಮನಿಯ ಮಾನುಯೆಲ್ ಗೋಟ್ಶಿಂಗ್ ಅವರ 'ಇ2-ಇ4'. 1981ರಲ್ಲಿ ರೆಕಾರ್ಡ್ ಆಗಿ 1984ರಲ್ಲಿ ಹೊರಬಂತು. ಸುಮಾರು ಒಂದು ಗಂಟೆ, ಒಂದೇ ತುಣುಕು. ಅರ್ಧ ದಾಟಿದ ಮೇಲೆ ಗಿಟಾರ್ ಬರುತ್ತದೆ. ಅಲ್ಲಿವರೆಗೆ ತಾಳ್ಮೆ ಬೇಕು, ಅಲ್ವಾ?

ಕುಣಿಯಬೇಕು, ರಾಗವೂ ಇಷ್ಟ ಅಂದರೆ ಸಿಂಗ್. ಕೆಲಸ ಮಾಡುತ್ತಾ ಸುಮ್ನೆ ಹಾಕಿಡಲು ಗೋಟ್ಶಿಂಗ್. ನಾನು ಜಾಸ್ತಿ ಕೇಳುವುದು ಎರಡನೆಯದು. ಹೆಡ್‌ಫೋನ್ ಇಲ್ಲದಿದ್ದರೆ ಅದರ ಮಜಾ ಅರ್ಧ.