ಫಾಲ್‌ಔಟ್ ನ್ಯೂ ವೇಗಸ್: ಮಂಡ್ಯದ ಮನೆಯಲ್ಲಿ ಹನ್ನೆರಡು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಈ ಗೇಮ್ ತಗೊಳ್ಳಿ, ಆದರೆ ತಗೊಂಡ ದಿನವೇ ಆಡೋಕೆ ಕೂರಬೇಡಿ. ಒಂದು ಸಂಜೆ ಪೂರ್ತಿ ರಿಪೇರಿಗೆ ಅಂತ ಎತ್ತಿಡಿ. ಆಮೇಲೆ ಎಷ್ಟು ವರ್ಷ ಬೇಕಾದರೂ ಆಡಬಹುದು. ನಾನು 2012ರಲ್ಲಿ ಮೈಸೂರಿನ ದೇವರಾಜ ಅರಸು ರಸ್ತೆ ಹತ್ತಿರದ ಒಂದು ಅಂಗಡಿಯಲ್ಲಿ ಡಿವಿಡಿ ತಗೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ತಂದೆ. ಅಲ್ಲಿಂದ ಇಲ್ಲಿಗೆ ಮೂರು ಕಂಪ್ಯೂಟರ್ ಬದಲಾಯಿಸಿದ್ದೇನೆ. ಪ್ರತಿ ಸಲ ಹೊಸದಕ್ಕೆ ಮೊದಲು ಹಾಕಿದ್ದು ಇದನ್ನೇ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು 2010ರ ಅಕ್ಟೋಬರಿನಲ್ಲಿ ಬಂದ ಗೇಮ್. ಮಾಡಿದವರು ಅಬ್ಸಿಡಿಯನ್, ಹೊರತಂದವರು ಬೆಥೆಸ್ಡಾ. ಕಥೆ ನಡೆಯೋದು 2281ರಲ್ಲಿ, ಅಣುಯುದ್ಧ ಮುಗಿದು ಇನ್ನೂರು ವರ್ಷ ಕಳೆದ ಮೇಲೆ, ಅಮೆರಿಕದ ಮೊಜಾವೆ ಮರುಭೂಮಿಯಲ್ಲಿ. ನೀವು ಒಬ್ಬ ಕೊರಿಯರ್. ಚೌಕಳಿ ಕೋಟು ಹಾಕಿದ ಒಬ್ಬ ನಿಮ್ಮ ತಲೆಗೆ ಗುಂಡು ಹೊಡೆದು ಹೂತು ಹೋಗಿದ್ದಾನೆ. ಒಂದು ರೋಬೋ ನಿಮ್ಮನ್ನು ಅಗೆದು ತೆಗೆಯುತ್ತೆ, ಊರಿನ ಡಾಕ್ಟರು ಬದುಕಿಸುತ್ತಾರೆ. ಅಲ್ಲಿಂದ ಆಚೆ ಎಲ್ಲಿಗೆ ಹೋಗಬೇಕು, ಯಾರ ಪಕ್ಷ ಹಿಡಿಯಬೇಕು ಎಲ್ಲ ನಿಮಗೇ ಬಿಟ್ಟಿದ್ದು. ಕೊನೆಗೆ ಎಲ್ಲರೂ ಹೊಡೆದಾಡೋದು ಒಂದು ಅಣೆಕಟ್ಟಿಗೆ, ಹೂವರ್ ಡ್ಯಾಮ್‌ಗೆ.

ಮಂಡ್ಯದವನಿಗೆ ಇದು ಬೇರೆ ಥರ ತಟ್ಟುತ್ತೆ, ಅಲ್ವಾ? 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಜೋರಾಗಿದ್ದಾಗ ಬಂದ್ ಅಂತ ಮನೆಯಲ್ಲೇ ಇದ್ದೆ, ಆಡುತ್ತಿದ್ದೆ. ಅಪ್ಪ ಹಿಂದೆ ಬಂದು ನಿಂತರು. ತೆರೆಯ ಮೇಲೆ ಡ್ಯಾಮು ಕಂಡಿತು. "ಇದು ನಮ್ಮ ಕನ್ನಂಬಾಡಿ ಥರಾ ನೆಟ್ಟಗಿಲ್ವಲ್ಲ, ಬಿಲ್ಲು ಬಗ್ಗಿಸ್ದಂಗೈತೆ" ಅಂದರು. ಸರಿಯಾಗಿಯೇ ನೋಡಿದ್ದರು. ಕನ್ನಂಬಾಡಿ ಕಟ್ಟೆ ಕಲ್ಲು ಮತ್ತು ಸುರ್ಕಿ ಗಾರೆಯದು, ಕೆಲಸ ಶುರುವಾಗಿದ್ದು 1911ರಲ್ಲಿ. ಹೂವರ್ ಡ್ಯಾಮು 1930ರ ದಶಕದ ಕಾಂಕ್ರೀಟಿನದು, ಕಣಿವೆಗೆ ಕಮಾನಿನ ಹಾಗೆ ಕೂತಿದೆ. ಆಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನೀರು ಯಾರಿಗ್ಲಾ ಬಿಡೋದು?" ಇಡೀ ಗೇಮಿನ ಕಥೆ ಆ ಪ್ರಶ್ನೆಯೊಳಗಿದೆ.

ಈಗ ತೊಂದರೆಗಳಿಗೆ ಬರೋಣ. ಬಿಡುಗಡೆಯಾದ ದಿನ ಈ ಗೇಮ್ ನಿಜಕ್ಕೂ ಹದಗೆಟ್ಟಿತ್ತು. ಮೊದಲ ದೃಶ್ಯದಲ್ಲೇ ಆ ಡಾಕ್ಟರ ತಲೆ ಕತ್ತಿನ ಮೇಲೆ ಗರಗರ ತಿರುಗುವ ವಿಡಿಯೋ ಆಗ ಎಲ್ಲ ಕಡೆ ಓಡಾಡಿತ್ತು. ಸೇವ್ ಕೆಡುತ್ತಿತ್ತು, ಗೇಮ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತಿತ್ತು. ಇದನ್ನು ಮಾಡೋಕೆ ಅಬ್ಸಿಡಿಯನ್‌ಗೆ ಸಿಕ್ಕಿದ್ದು ಸುಮಾರು ಹದಿನೆಂಟು ತಿಂಗಳು. ಅದರ ಬೆಲೆಯನ್ನೂ ಅವರೇ ತೆತ್ತರು: ವಿಮರ್ಶಕರ ಅಂಕಗಳ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ಸೈಟಿನಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದ ಇತ್ತು, ಬಂದಿದ್ದು 84. ಇದನ್ನು ಕಂಪನಿಯ ಕ್ರಿಸ್ ಅವೆಲೋನ್ ಅವರೇ 2012ರಲ್ಲಿ ಹೇಳಿದರು. ಒಂದು ಅಂಕ! ಇಷ್ಟು ಚೆನ್ನಾಗಿ ಬರೆದ ಗೇಮಿಗೆ ಬಗ್‌ಗಳಿಂದಾಗಿ ಹೀಗಾಯಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ಕಂಪನಿಯ ಕೊನೆಯ ಪ್ಯಾಚ್, ಅಂದರೆ ತಪ್ಪು ಸರಿ ಮಾಡುವ ಫೈಲ್, 1.4.0.525. ಅದು ಬಂದಿದ್ದು 2011ರಲ್ಲಿ. ಅಲ್ಲಿಂದ ಈಚೆಗೆ ನಡೆದ ರಿಪೇರಿಯೆಲ್ಲ ಆಡುವವರದ್ದೇ. ಬಿಡುವಿನ ಹೊತ್ತಿನಲ್ಲಿ, ಒಂದು ರೂಪಾಯಿ ತಗೊಳ್ಳದೆ, ಇಷ್ಟು ವರ್ಷ ಇದನ್ನು ಸರಿ ಮಾಡುತ್ತಾ ಕೂತಿದ್ದಾರೆ. ಅವರ ಮೇಲೆ ನನಗೆ ತುಂಬ ಗೌರವ ಇದೆ.

ಮುಖ್ಯವಾದ್ದು ಮೆಮೊರಿ ವಿಷಯ. ಇದು 32 ಬಿಟ್ ಗೇಮ್, ಸುಮ್ನೆ ಬಿಟ್ಟರೆ 2 ಜಿಬಿ ಮಾತ್ರ ಬಳಸುತ್ತೆ. ನಿಮ್ಮ ಹತ್ತಿರ 16 ಜಿಬಿ ರ್‍ಯಾಮ್ ಇದ್ದರೂ ಅಷ್ಟೇ. ದೊಡ್ಡ ಊರಿಗೆ ಕಾಲಿಟ್ಟ ತಕ್ಷಣ ಆ 2 ಜಿಬಿ ತುಂಬುತ್ತೆ, ಗೇಮ್ ಕ್ರ್ಯಾಶ್ ಆಗುತ್ತೆ. 4 ಜಿಬಿ ಪ್ಯಾಚ್ ಅಂತ ಒಂದು ಪುಟ್ಟ ಫೈಲ್ ಇದೆ, ಅದನ್ನು ಗೇಮಿನ ಫೋಲ್ಡರಿಗೆ ಹಾಕಿ ಒಮ್ಮೆ ಓಡಿಸಿದರೆ ಆ ಮಿತಿ ದುಪ್ಪಟ್ಟಾಗುತ್ತೆ. ನನ್ನ ಲೆಕ್ಕದಲ್ಲಿ ಅರ್ಧ ಕಾಯಿಲೆ ಅಲ್ಲೇ ವಾಸಿ. ಆಮೇಲೆ ಗೇಮಿನ ಸ್ಕ್ರಿಪ್ಟ್‌ಗಳಿಗೆ ಹೊಸ ಶಕ್ತಿ ಕೊಡುವ ಎಕ್ಸ್‌ಎನ್‌ವಿಎಸ್‌ಇ ಹಾಕಿ, ಉಳಿದ ಎಷ್ಟೋ ರಿಪೇರಿಗಳು ಅದರ ಮೇಲೆಯೇ ನಿಂತಿವೆ. ಅದರ ಮೇಲೆ ಟಿಕ್ ಫಿಕ್ಸ್: ಆಡುವಾಗ ಚಿತ್ರ ಕ್ಷಣಕ್ಷಣಕ್ಕೂ ತಡವರಿಸುತ್ತಲ್ಲ, ಅದು ಇದರಿಂದ ಹೋಗುತ್ತೆ. ಕೊನೆಗೆ ಯುಪ್ ಅನ್ನೋ ಅನಧಿಕೃತ ಪ್ಯಾಚ್. ಕೆಟ್ಟ ಕ್ವೆಸ್ಟ್ (ಗೇಮು ನಮಗೆ ಒಪ್ಪಿಸುವ ಕೆಲಸ), ತಪ್ಪಾದ ಮಾತು, ಕೆಲಸ ಮಾಡದ ಪರ್ಕ್ (ಆಡುತ್ತಾ ಸಿಗುವ ವಿಶೇಷ ಶಕ್ತಿ), ಗಾಳಿಯಲ್ಲಿ ತೇಲುವ ಕಲ್ಲು, ಇಂಥ ಲೆಕ್ಕವಿಲ್ಲದಷ್ಟು ಚಿಲ್ಲರೆ ತಪ್ಪುಗಳನ್ನು ಸರಿ ಮಾಡಿದ್ದಾರೆ. ಒಂದು ಎಚ್ಚರಿಕೆ, ಗೇಮನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಹಾಕಬೇಡಿ. ವಿಂಡೋಸ್ ಅಲ್ಲಿ ಫೈಲ್ ಬದಲಾಯಿಸೋಕೆ ಸರಿಯಾಗಿ ಬಿಡಲ್ಲ. ಬೇರೆ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿಕೊಳ್ಳಿ.

ಇನ್ನು ಚೀಟ್. ಚೀಟ್ ಬಳಸಿದರೆ ಗೇಮ್ ಆಡಿದ ಹಾಗೇ ಅಲ್ಲ ಅನ್ನುವವರಿದ್ದಾರೆ. ಈ ಗೇಮಿನ ಮಟ್ಟಿಗೆ ನಾನು ಒಪ್ಪಲ್ಲ. ಕೀಬೋರ್ಡಿನಲ್ಲಿ 1ರ ಎಡಕ್ಕೆ ಇರುವ ಬಟನ್ ಒತ್ತಿದರೆ ಕನ್ಸೋಲ್, ಅಂದರೆ ಗೇಮಿಗೆ ನೇರವಾಗಿ ಕಮಾಂಡ್ ಬರೆಯುವ ಜಾಗ, ತೆರೆಯುತ್ತೆ. ಬೈಕಿನ ಸೀಟಿನ ಕೆಳಗೆ ಸ್ಪ್ಯಾನರ್ ಇಟ್ಟುಕೊಳ್ಳಲ್ವಾ, ನನಗೆ ಇದೂ ಹಾಗೆಯೇ.

ಒಂದು ಸಲ ನೊವ್ಯಾಕ್ ಊರಿನ ಹತ್ತಿರ ನಡೆಯುತ್ತಿದ್ದೆ. ಹೊಡೆದಾಟದ ಸಂಗೀತ ಶುರುವಾಯಿತು, ನಿಲ್ಲಲೇ ಇಲ್ಲ. ದಿಕ್ಸೂಚಿಯಲ್ಲಿ ಒಂದು ಕೆಂಪು ಗೆರೆ ಕಾಣುತ್ತೆ, ಎದುರಿಗೆ ನೋಡಿದರೆ ಬರೀ ಬಂಡೆ. ಶತ್ರು ಹತ್ತಿರ ಇದ್ದಾನೆ ಅಂತ ಫಾಸ್ಟ್ ಟ್ರಾವೆಲ್, ಅಂದರೆ ನೋಡಿದ ಜಾಗಕ್ಕೆ ಒಂದೇ ಸಲಕ್ಕೆ ಹೋಗೋಕೆ, ಬಿಡಲ್ಲ, ಮಲಗೋಕೂ ಬಿಡಲ್ಲ. ಹತ್ತು ನಿಮಿಷ ಬಂಡೆ ಸುತ್ತಿದೆ. ಕೊನೆಗೆ ಕನ್ಸೋಲ್ ತೆಗೆದು ಟಿಸಿಎಲ್ ಅಂತ ಹೊಡೆದೆ. ಅದು ಗೋಡೆ, ಬಂಡೆ, ನೆಲ ಎಲ್ಲದರೊಳಗೂ ತೂರಿ ಹೋಗೋಕೆ ಬಿಡುವ ಕಮಾಂಡ್. ಬಂಡೆಯೊಳಗೆ ಇಳಿದರೆ ಅಲ್ಲಿ ಒಂದು ರ್‍ಯಾಡ್‌ಸ್ಕಾರ್ಪಿಯನ್, ಆಳೆತ್ತರದ ಚೇಳು, ಕಲ್ಲಿನ ನಡುವೆ ಸಿಕ್ಕಿಕೊಂಡು ನಿಂತಿತ್ತು. ಎಲ್ಲ ಕಾಲೂ ಆಡುತ್ತಿವೆ, ಮುಂದೆ ಮಾತ್ರ ಹೋಗ್ತಿಲ್ಲ. ಕೊಂಡಿ ಎತ್ತುತ್ತೆ, ಬಂಡೆಗೆ ತಾಗಿ ಇಳಿಯುತ್ತೆ, ಮತ್ತೆ ಎತ್ತುತ್ತೆ. ಅದರ ಮೇಲೆ ಕ್ಲಿಕ್ ಮಾಡಿ ಕಿಲ್ ಅಂತ ಬರೆದೆ. ಸಂಗೀತ ನಿಂತಿತು. ಮತ್ತೆ ಟಿಸಿಎಲ್ ಹೊಡೆದು ಮೇಲೆ ಬಂದೆ, ದಾರಿ ಹಿಡಿದೆ. ಇದರಲ್ಲಿ ಮೋಸ ಎಲ್ಲಿದೆ ಹೇಳಿ?

ಜೊತೆಗಾರರು ಎಲ್ಲೋ ಕಳೆದುಹೋದರೆ ಅವರ ಐಡಿ ಹಾಕಿ ಪಕ್ಕಕ್ಕೆ ಕರೆಸಿಕೊಳ್ಳಬಹುದು. ಕ್ವೆಸ್ಟ್ ಮಧ್ಯದಲ್ಲಿ ನಿಂತರೆ ಸೆಟ್‌ಸ್ಟೇಜ್‌ನಿಂದ ಒಂದು ಹೆಜ್ಜೆ ಮುಂದಕ್ಕೆ ತಳ್ಳಬಹುದು. ಆದರೆ ಸಿಎಕ್ಯೂಎಸ್ ಅನ್ನೋ ಕಮಾಂಡ್ ಮುಟ್ಟಲೇಬೇಡಿ, ಅದು ಎಲ್ಲ ಕ್ವೆಸ್ಟ್‌ಗಳನ್ನೂ ಒಂದೇ ಏಟಿಗೆ ಮುಗಿಸಿಬಿಡುತ್ತೆ. ಆ ಸೇವ್ ಆಮೇಲೆ ಯಾವುದಕ್ಕೂ ಬರಲ್ಲ.

ಟಿಜಿಎಮ್ ಹೊಡೆದರೆ ಸಾವಿಲ್ಲ, ಗುಂಡು ಮುಗಿಯಲ್ಲ. ಆಡ್‌ಐಟಮ್ ಅಂತ ಬರೆದು ಎಫ್ ಹಾಕಿದರೆ ಎಷ್ಟು ಬೇಕಾದರೂ ಕ್ಯಾಪ್ಸ್, ಅಂದರೆ ಅಲ್ಲಿ ದುಡ್ಡಾಗಿ ನಡೆಯುವ ಬಾಟಲಿ ಮುಚ್ಚಳ. ಎಫ್ ಬದಲು ಎ ಹಾಕಿದರೆ ಬೀಗ ತೆಗೆಯುವ ಬಾಬಿ ಪಿನ್. ಇವೆಲ್ಲ ನನಗೆ ಗೊತ್ತು, ಮೊದಲ ಸಲ ಆಡುವವರಿಗೆ ಮಾತ್ರ ಹೇಳಿಕೊಡಲ್ಲ. ಶುರುವಿನಲ್ಲಿ ಜೇಬಿನಲ್ಲಿ ಮೂವತ್ತು ಮುಚ್ಚಳ, ಮುರುಕಲು ಗನ್ನು, ಮುಂದೆ ಏನಿದೆಯೋ ಅನ್ನೋ ಭಯ, ಅದೇ ಈ ಗೇಮಿನ ರುಚಿ. ಐವತ್ತು ಸಾವಿರ ಹಾಕಿಕೊಂಡರೆ ಅದು ಆ ಕ್ಷಣಕ್ಕೆ ಹೋಗಿಬಿಡುತ್ತೆ, ಮತ್ತೆ ಬರಲ್ಲ.

ಕನ್ಸೋಲ್ ಇಲ್ಲದೆ ಮಾಡುವ ಒಂದು ಚೀಟ್ ಮಾತ್ರ ನನಗೆ ತುಂಬ ಇಷ್ಟ. ಡೆಡ್ ಮನಿ ಅನ್ನೋ ಹೆಚ್ಚುವರಿ ಭಾಗದಲ್ಲಿ ಒಂದು ಕ್ಯಾಸಿನೋದ ನೆಲಮಾಳಿಗೆ ಖಜಾನೆಗೆ ಹೋಗುತ್ತೀರಿ. ಅಲ್ಲಿ 37 ಚಿನ್ನದ ಗಟ್ಟಿ ಇವೆ. ಒಂದೊಂದರ ತೂಕ 35, ಬೆಲೆ 10,539 ಕ್ಯಾಪ್ಸ್. ಎಲ್ಲವನ್ನೂ ಹೊತ್ತರೆ ತೆವಳಿಕೊಂಡು ಹೋಗಬೇಕು, ಅಷ್ಟರಲ್ಲಿ ಬಾಗಿಲು ಮುಚ್ಚುತ್ತೆ. ಆಸೆ ಬಿಡು ಅನ್ನೋದೇ ಆ ಭಾಗದ ಕಥೆ. ಆದರೆ ಆಡುವವರು ದಾರಿ ಹುಡುಕಿದ್ದಾರೆ. ಅಲ್ಲಿ ಸತ್ತವನ ದೇಹದ ತುಂಡಿನೊಳಗೆ ಚಿನ್ನವನ್ನೆಲ್ಲ ತುಂಬಿ, ಆ ತುಂಡನ್ನು ಬೆಳಕಿನ ತಡೆಯ ಆಚೆಗೆ ದಾಟಿಸಿ, ಆಮೇಲೆ ಸುತ್ತು ಹಾಕಿಕೊಂಡು ಬಂದು ಎತ್ತಿಕೊಳ್ಳೋದು. ನನಗೆ ಮೂರು ರಾತ್ರಿ ಹಿಡಿಯಿತು. ಎಲ್ಲ 37 ಈಗ ಲಕ್ಕಿ 38 ಅನ್ನೋ ಕ್ಯಾಸಿನೋದಲ್ಲಿರುವ ನನ್ನ ಕೋಣೆಯಲ್ಲಿವೆ, ಒಂದನ್ನೂ ಮಾರಿಲ್ಲ.

ಅಡಗಿಸಿಟ್ಟ ತಮಾಷೆಗಳ ವಿಷಯ ಹೇಳದಿದ್ದರೆ ವಿಮರ್ಶೆ ಪೂರ್ತಿ ಆಗಲ್ಲ. ಶುರುವಿನಲ್ಲಿ ಡಾಕ್ಟರ ಮನೆಯಲ್ಲಿ ಎರಡು ಗುಣಗಳವರೆಗೆ ಆರಿಸಿಕೊಳ್ಳಬಹುದು. ಅದರಲ್ಲಿ ವೈಲ್ಡ್ ವೇಸ್ಟ್‌ಲ್ಯಾಂಡ್ ಅಂತ ಒಂದಿದೆ. ಅದರಿಂದ ನಿಮ್ಮ ಶಕ್ತಿ ಏನೂ ಹೆಚ್ಚಲ್ಲ. ಆದರೆ ಲೋಕದಲ್ಲಿ ಅಲ್ಲಲ್ಲಿ ವಿಚಿತ್ರಗಳು ಮೊಳೆಯುತ್ತವೆ, ಹತ್ತಿರ ಹೋದಾಗ ಒಂದು ಸದ್ದು ಕೇಳುತ್ತೆ. ಕಥೆ ಶುರುವಾಗುವ ಗುಡ್‌ಸ್ಪ್ರಿಂಗ್ಸ್ ಊರಿನ ಹತ್ತಿರ ಬಯಲಿನಲ್ಲಿ ಒಂದು ಫ್ರಿಜ್ಜು ಬಿದ್ದಿರುತ್ತೆ, ಒಳಗೆ ಹ್ಯಾಟಿನ ಜೊತೆ ಒಂದು ಅಸ್ಥಿಪಂಜರ. ಹಾಲಿವುಡ್ಡಿನ ಆ ಚಾಟಿ ಹಿಡಿದ ಪುರಾತತ್ವ ಮೇಷ್ಟ್ರು ಬಾಂಬು ಸಿಡಿದಾಗ ಫ್ರಿಜ್ಜಿನಲ್ಲಿ ಕೂತು ಬದುಕಿದ್ದರು ನೋಡಿ, ಅದಕ್ಕೆ ಇದು ಉತ್ತರ. ವೇಗಸ್‌ನ ಫ್ರೀಸೈಡ್ ಅನ್ನೋ ಕೇರಿಯ ಗಲ್ಲಿಯಲ್ಲಿ ಅಜ್ಜಿಯರ ಗುಂಪೊಂದು ಲಟ್ಟಣಿಗೆ ಹಿಡಿದು ಮೈಮೇಲೆ ಬೀಳುತ್ತೆ. ಉತ್ತರದ ಹೊರೊವಿಟ್ಜ್ ತೋಟದ ಆಚೆ ಮಾಮೂಲಾಗಿ ಬಾಡಿಗೆ ಬಂಟರು ಇರುವ ಜಾಗದಲ್ಲಿ ಅನ್ಯಗ್ರಹದವರು ಇರುತ್ತಾರೆ, ಅವರ ಕ್ಯಾಪ್ಟನ್ ಹತ್ತಿರ ಏಲಿಯನ್ ಬ್ಲಾಸ್ಟರ್ ಅನ್ನೋ ಗನ್ನು. ಆದರೆ ಆ ಬಂಟರ ಹತ್ತಿರ ಇದ್ದ ಒಳ್ಳೆಯ ಗಾಸ್ ರೈಫಲ್ ಆಗ ಸಿಗಲ್ಲ. ಯಾವುದು ಬೇಕು ಅಂತ ಮೊದಲೇ ಯೋಚಿಸಿ. ನಾನು ಅಜ್ಜಿಯರಿಗೋಸ್ಕರ ಪ್ರತಿ ಸಲ ಇದನ್ನೇ ಆರಿಸುತ್ತೇನೆ.

ಈ ಗುಣ ಇಲ್ಲದೆಯೂ ಸಿಗುವಂಥವು ಇವೆ. ನೊವ್ಯಾಕ್ ಅನ್ನೋ ಹೆಸರೇ ಹಳೇ ಮೋಟೆಲಿನ "ನೋ ವೇಕೆನ್ಸಿ" ಬೋರ್ಡಿನಲ್ಲಿ ಉಳಿದ ಅಕ್ಷರಗಳಿಂದ ಬಂದಿದ್ದು. ತಲೆ ಎತ್ತಿ ನೋಡಿದರೆ ಬೋರ್ಡು ಅಲ್ಲೇ ಇದೆ. ಫ್ರೀಸೈಡ್‌ನಲ್ಲಿ ಇಬ್ಬರು ಮಕ್ಕಳು ಆಟದ ಗನ್ನು ಹಿಡಿದು ಒಬ್ಬರ ಹಿಂದೆ ಒಬ್ಬರು ಓಡುತ್ತಿರುತ್ತಾರೆ. ನಾಲ್ಕು ವರ್ಷ ನಾನು ಅವರನ್ನು ದಾಟಿಕೊಂಡೇ ಹೋಗಿದ್ದೇನೆ. ಆಮೇಲೊಂದು ದಿನ ನಿಂತು ಮಾತಾಡಿಸಿದೆ. ಆ ಹುಡುಗನ ಕೈಯಲ್ಲಿರೋದು ಆಟದ ಸಾಮಾನಲ್ಲ, ಆಕಾಶದಲ್ಲಿರುವ ಉಪಗ್ರಹಕ್ಕೆ ಗುರಿ ತೋರಿಸುವ ಯಂತ್ರ. ಅವನಿಂದ ಕೊಂಡುಕೊಂಡು, ಹೀಲಿಯೋಸ್ ಒನ್ ಸೋಲಾರ್ ಕೇಂದ್ರದ ಕರೆಂಟನ್ನು ಆರ್ಕಿಮಿಡೀಸ್ ಅನ್ನೋ ಆಯುಧದ ಕಡೆ ತಿರುಗಿಸಿದ್ದರೆ, ತೋರಿಸಿದ ಜಾಗಕ್ಕೆ ಮೇಲಿನಿಂದ ಬೆಂಕಿ ಇಳಿಯುತ್ತೆ. ಯಾರೂ ಹೇಳಿಕೊಡಲ್ಲ, ನಾವೇ ನಿಂತು ಕೇಳಬೇಕು.

ಸೇವ್ ಬಗ್ಗೆ ಒಂದು ಮಾತು, ಯಾಕಂದರೆ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಆಟೋಸೇವ್ ನಡೆಯುವಾಗ ಕರೆಂಟು ಹೋದರೆ ಆ ಫೈಲ್ ಕೆಟ್ಟಿತು ಅಂತಲೇ ಲೆಕ್ಕ. ರಜಕ್ಕೆ ಬಂದಿದ್ದ ಅಕ್ಕನ ಮಗ ಹೀಗೇ ಹದಿನೈದು ಗಂಟೆಯ ಆಟ ಕಳೆದುಕೊಂಡ. "ಮಾಮ, ಸೇವ್ ಓಪನ್ನೇ ಆಗ್ತಿಲ್ಲ" ಅಂತ ಬಂದಾಗ ಅವನ ಮುಖ ನೋಡೋಕಾಗಲಿಲ್ಲ. ಎಫ್5 ಒತ್ತಿ ಮಾಡುವ ಕ್ವಿಕ್‌ಸೇವ್ ಮತ್ತು ಆಟೋಸೇವ್ ಎರಡನ್ನೂ ನಂಬಬೇಡಿ. ಮೆನುಗೆ ಹೋಗಿ ಹೊಸ ಸ್ಲಾಟ್‌ನಲ್ಲಿ ಸೇವ್ ಮಾಡಿ. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಅವನು ಮತ್ತೆ ಶುರು ಮಾಡಿದ, ಕಳೆದ ರಜದಲ್ಲಿ ವೈಟ್ ವಾಶ್ ಅನ್ನೋ ಕ್ವೆಸ್ಟ್‌ಗೆ ಬಂದ. ಸರ್ಕಾರದ ಗುತ್ತಿಗೆ ಹೊಲಗಳಿಗೆ ಬರಬೇಕಾದ ನೀರು ಎಲ್ಲೋ ಕಡಿಮೆಯಾಗುತ್ತಿದೆ, ಅದನ್ನು ಹುಡುಕಲು ಹೋದ ಸೈನಿಕ ಕಾಣೆಯಾಗಿದ್ದಾನೆ. ಹುಡುಕುತ್ತಾ ಹೋದರೆ ಗೊತ್ತಾಗುತ್ತೆ, ಪಕ್ಕದ ವೆಸ್ಟ್‌ಸೈಡ್ ಅನ್ನೋ ಬಡವರ ಕೇರಿಗೆ ಆ ನೀರನ್ನು ಗುಟ್ಟಾಗಿ ತಿರುಗಿಸಿದ್ದಾರೆ, ಸೈನಿಕನ ಕೊಲೆಯೂ ಆಗಿದೆ. ನೀರಿನ ವಿಷಯ ಬಯಲು ಮಾಡಬೇಕೋ ಮುಚ್ಚಿಡಬೇಕೋ ನಮಗೆ ಬಿಟ್ಟದ್ದು. ನಮ್ಮ ಜಮೀನು ಇರೋದು ಮದ್ದೂರು ಕಡೆ, ವಿ.ಸಿ. ನಾಲೆಯ ಕೊನೆ ಭಾಗದಲ್ಲಿ. ಮೇಲಿನವರು ತಿರುಗಿಸಿಕೊಂಡರೆ ನಮಗೆ ಬರೋದಿಲ್ಲ. ನೀರು ತಿರುಗಿಸಿದವರ ಮೇಲೆ ಸಿಟ್ಟಾಗಿಯೇ ಬೆಳೆದವನು ನಾನು. ಇಲ್ಲಿ ಮಾತ್ರ ಪ್ರತಿ ಸಲ ಅವರ ಕಡೆ ನಿಂತಿದ್ದೇನೆ, ಪ್ರತಿ ಸಲ ಮನಸ್ಸಿಗೆ ಕಸಿವಿಸಿ ಆಗಿದೆ.

ಹುಡುಗ ಆಡೋದು ನಿಲ್ಲಿಸಿ ಅಪ್ಪನನ್ನು ಕರೆದ. "ತಾತ, ಇವರು ನೀರು ಕದ್ದಿದ್ದಾರೆ. ಹೇಳ್ಬಿಡ್ಲಾ?"

ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಏನ್ ಬೆಳೀತಾ ಅವ್ರೆ ಅಲ್ಲಿ?"

"ಜೋಳ ಅನ್ಸುತ್ತೆ."

"ಮಾರಕ್ಕಾ, ಉಣ್ಣಕ್ಕಾ?"

"ಉಣ್ಣಕ್ಕೇ ತಾತ."

ಅಪ್ಪ ಸ್ವಲ್ಪ ಹೊತ್ತು ಆ ಒಣ ಹೊಲ ನೋಡುತ್ತಾ ನಿಂತರು. ಏನೂ ಹೇಳಲಿಲ್ಲ. ಹುಡುಗ ಮೆನು ತೆಗೆದ, ಹೊಸ ಸ್ಲಾಟ್‌ನಲ್ಲಿ ಸೇವ್ ಮಾಡಿದ, ಆಮೇಲೆ ಮಾತಾಡೋಕೆ ಹೋದ.