ಡಿಕ್ಕಿ ಸೋರಿದರೆ ಪೈಪೋ, ಪೌಡರೋ, ಸೋಪಿನ ನೊರೆಯೋ?

ಆರಿದ್ರಾ ಮಳೆ ಹಿಡಿದ ಮೇಲೆ ಮಲೆನಾಡಿನ ಎಷ್ಟೋ ಕಾರುಗಳಲ್ಲಿ ಒಂದು ಮುಗ್ಗಲು ವಾಸನೆ ಶುರುವಾಗುತ್ತದೆ. ಎಸಿ ಹಾಕಿದರೂ ಹೋಗುವುದಿಲ್ಲ, ಸೆಂಟಿನ ಡಬ್ಬಿ ಇಟ್ಟರೂ ಹೋಗುವುದಿಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೆದು ನೋಡಿ. ಅಡಿಯ ಗುಂಡಿಯಲ್ಲಿ ನೀರು ನಿಂತಿದ್ದರೆ ಕಾರಣ ಸಿಕ್ಕಿತು. ನನ್ನ ಹ್ಯಾಚ್‌ಬ್ಯಾಕಿನಲ್ಲಿ ಜಾಕಿಗೂ ತುಕ್ಕು ಹತ್ತಿತ್ತು.

ಗ್ಯಾರೇಜಿನಲ್ಲಿ ಕೇಳಿದರೆ ಬರುವ ಮೊದಲ ಉತ್ತರ, "ಬೀಡಿಂಗ್ ಹೋಗಿದೆ, ಹೊಸದು ಹಾಕಿಸಿ." ಬೀಡಿಂಗ್ ಎಂದರೆ ಬಾಗಿಲಿನ ಚೌಕಟ್ಟಿನ ಸುತ್ತಲಿನ ರಬ್ಬರ್ ಪಟ್ಟಿ. ಇರಬಹುದು. ಆದರೆ ಹಿಂಬಾಗಿಲಿನ ಸುತ್ತ ನೀರು ನುಗ್ಗಲು ಬೇರೆ ದಾರಿಗಳೂ ಬೇಕಾದಷ್ಟಿವೆ: ಟೈಲ್ ಲ್ಯಾಂಪಿನ ಹಿಂದಿನ ಗ್ಯಾಸ್ಕೆಟ್ ಪಟ್ಟಿ, ಮೇಲಿನ ಬ್ರೇಕ್ ಲೈಟ್, ವೈಪರಿನ ಬುಡ, ಬಾಗಿಲಿಗೆ ವೈರ್ ಹೋಗುವ ರಬ್ಬರ್, ಹಿಂಜ್ ಹತ್ತಿರದ ರೂಫ್ ಜಾಯಿಂಟ್, ಬಂಪರ್ ಹಿಂದಿನ ಗಾಳಿಕಿಂಡಿ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಹುಡುಕುವ ವಿಧಾನಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ಸುಲಭದ್ದು ನೋಟಿನ ಪರೀಕ್ಷೆ. ಬೀಡಿಂಗ್ ಮೇಲೆ ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಹಾಕಿ ಎಳೆಯುವುದು. ಬಿಗಿಯಾಗಿ ಬಂದರೆ ಅಲ್ಲಿ ರಬ್ಬರ್ ಕಚ್ಚುತ್ತಿದೆ ಎಂದರ್ಥ, ಅಷ್ಟೇ. ಪೌಡರ್ ಇದಕ್ಕಿಂತ ವಾಸಿ. ಬೀಡಿಂಗ್ ಉದ್ದಕ್ಕೂ ಟಾಲ್ಕಂ ಪೌಡರ್ ಸವರಿ ಬಾಗಿಲು ಹಾಕಿ ತೆಗೆದರೆ, ಎದುರಿನ ಲೋಹದ ಮೇಲೆ ಬಿಳಿ ಗೆರೆ ಮೂಡುತ್ತದೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ರಬ್ಬರ್ ತಾಗುತ್ತಿಲ್ಲ. ನನ್ನ ಕಾರಿನಲ್ಲಿ ಗೆರೆ ಎಲ್ಲೂ ತುಂಡಾಗಿರಲಿಲ್ಲ. ಬೀಡಿಂಗಿನ ಖರ್ಚು ಅಲ್ಲೇ ಉಳಿಯಿತು. ಒಂದು ವೇಳೆ ತುಂಡಾಗಿದ್ದರೂ ಮೊದಲು ಲಾಕ್ ಕೊಂಡಿ ಮತ್ತು ಪಕ್ಕದ ರಬ್ಬರ್ ಸ್ಟಾಪರ್‌ಗಳನ್ನು ಸ್ವಲ್ಪ ಹೊಂದಿಸಿ ನೋಡುವುದು ಒಳ್ಳೆಯದು.

ಸೋಪಿನ ನೊರೆಯ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಕಿಟಕಿ ಎಲ್ಲ ಮುಚ್ಚಿ, ಹೊರಗಿನ ಗಾಳಿ ಒಳಗೆ ಎಳೆಯುವ ಹಾಗೆ ಬ್ಲೋವರ್ ಫುಲ್ ಇಟ್ಟು, ಹೊರಗಿನಿಂದ ಸಂದುಗಳಿಗೆ ಸೋಪಿನ ನೀರು ಹಚ್ಚುವುದು. ಗಾಳಿ ಹೊರಬರುವಲ್ಲಿ ಗುಳ್ಳೆ ಏಳುತ್ತದೆ. ಒಬ್ಬರೇ ಮಾಡಬಹುದು, ಒಳಗೆ ಒದ್ದೆಯಾಗುವುದಿಲ್ಲ. ಆದರೆ ಬಂಪರ್ ಹಿಂದಿನ ಕಿಂಡಿಗಳು ಇರುವುದೇ ಗಾಳಿ ಹೊರಗೆ ಬಿಡಲು. ಅವುಗಳಿಗೆ ಒಳಗಿನಿಂದ ಅಗಲದ ಟೇಪ್ ಹಾಕದಿದ್ದರೆ ಒತ್ತಡವೇ ನಿಲ್ಲುವುದಿಲ್ಲ. ಟೇಪ್ ಹಾಕಿದ ಮೇಲೆ ಎಡಗಡೆ ಟೈಲ್ ಲ್ಯಾಂಪಿನ ಕೆಳಗೆ ಚೆನ್ನಾಗಿ ಗುಳ್ಳೆ ಬಂತು. ರೂಫ್ ಜಾಯಿಂಟಿನ ಸಣ್ಣ ಬಿರುಕು ಮಾತ್ರ ಇದಕ್ಕೆ ಸಿಗಲೇ ಇಲ್ಲ.

ಅದನ್ನು ಹಿಡಿದದ್ದು ತೋಟದ ಪೈಪು. ನನ್ನ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ, ಆದರೆ ಕೆಲಸ ಜಾಸ್ತಿ. ಡಿಕ್ಕಿಯ ಪ್ಲಾಸ್ಟಿಕ್ ಟ್ರಿಮ್ ಎಲ್ಲ ಬಿಚ್ಚಬೇಕು. ಹಿಂದಿನ ಸೀಟು ಮಡಚಿ ಟಾರ್ಚ್ ಹಿಡಿದು ಒಬ್ಬರು ಒಳಗೆ ಕೂರಬೇಕು. ಮನೆಯಲ್ಲಿ ಹೈಸ್ಕೂಲಿನ ಹುಡುಗರಿದ್ದರೆ ಅವರನ್ನೇ ಕೂರಿಸಿ, ಅವರ ಕಣ್ಣು ಚುರುಕು. ನಳ್ಳಿ ಅರ್ಧ ತಿರುಗಿಸಿದರೆ ಸಾಕು, ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಬೇಡವೇ ಬೇಡ. ಅದು ಮಳೆ ನುಗ್ಗದ ಕಡೆಯೂ ನೀರು ನುಗ್ಗಿಸುತ್ತದೆ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಬೇಕು. ಮೊದಲೇ ರೂಫಿಗೆ ನೀರು ಬಿಟ್ಟರೆ ಎಲ್ಲ ಸಂದೂ ಒಟ್ಟಿಗೆ ಒದ್ದೆಯಾಗಿ, ಯಾವುದು ಸೋರಿತು ಅಂತ ಹೇಳುವುದು ಹೇಗೆ, ಅಲ್ವಾ? ಒಂದೊಂದು ಜಾಗದಲ್ಲಿ ಕೆಲವು ನಿಮಿಷ ಪೈಪು ಹಿಡಿದು ಕಾಯಬೇಕು. ಹಾಗೆ ಮಾಡಿದಾಗಲೇ ಗೊತ್ತಾಗಿದ್ದು: ಹಿಂಜ್ ಪಕ್ಕದ ಜಾಯಿಂಟಿನಿಂದ ಇಳಿದ ನೀರು ರೂಫ್ ಹೊತ್ತ ಹಿಂದಿನ ಕಂಬದೊಳಗೆ ಹರಿದು, ಲ್ಯಾಂಪಿನ ನೀರು ಬೀಳುವ ಜಾಗಕ್ಕೇ ಬಂದು ಬೀಳುತ್ತಿತ್ತು. ಲ್ಯಾಂಪ್ ಒಂದನ್ನೇ ಸರಿಮಾಡಿದ್ದರೆ ಗುಂಡಿ ಮತ್ತೆ ತುಂಬುತ್ತಿತ್ತು.

ಇನ್ನು ಮುಚ್ಚುವ ಸಾಮಾನು. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲರೂ ಕೊಡುವುದು ಸಿಲಿಕೋನ್. ವಿನೆಗರ್ ವಾಸನೆ ಬರುವ ಜಾತಿಯದ್ದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಪೇಂಟ್ ಎದ್ದ ಕಡೆ ಅದು ತುಕ್ಕಿಗೆ ಆಹ್ವಾನ. ಮೇಲಾಗಿ ಸಿಲಿಕೋನ್ ಹಚ್ಚಿದ ಜಾಗದಲ್ಲಿ ಆಮೇಲೆ ಪೇಂಟೂ ನಿಲ್ಲುವುದಿಲ್ಲ. ಹಳೆಯ ತಗಡಿನ ಮೇಲೆ ಹಚ್ಚಿ ನೋಡಿ, ಕಾರಿಗೆ ಬೇಡ ಎಂದು ಬಿಟ್ಟೆ. ಎರಡು ಮುದ್ದೆ ಕಲಸುವ ಎಪಾಕ್ಸಿ ಕಲ್ಲಾಗುತ್ತದೆ. ಬಾಡಿ ಅಲುಗಿದರೆ ಬಿರಿಯುತ್ತದೆ.

ಲ್ಯಾಂಪಿಗೆ ಬ್ಯುಟೈಲ್ ಟೇಪ್ ಬೆಸ್ಟ್. ಅಗಿದ ಚೂಯಿಂಗ್ ಗಮ್ಮಿನ ಹಾಗೆ ಮೆತ್ತಗೆ ಇರುತ್ತದೆ, ಗಟ್ಟಿಯಾಗುವುದೇ ಇಲ್ಲ. ಹಾಗಾಗಿ ಬಲ್ಬ್ ಹೋದಾಗ ಲ್ಯಾಂಪನ್ನು ಮತ್ತೆ ಬಿಚ್ಚಬಹುದು. ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಗ್ಯಾಸ್ಕೆಟ್ ಕೂರುವ ಜಾಗದ ಸುತ್ತ ಟೇಪ್ ಒತ್ತಿ, ನಟ್‌ಗಳನ್ನು ಸಮನಾಗಿ ಬಿಗಿ ಮಾಡಿದರೆ ಆಯಿತು. ರೂಫ್ ಜಾಯಿಂಟಿಗೆ ಇದು ಆಗುವುದಿಲ್ಲ. ಬಿಸಿಲಿಗೆ ಜಾರುತ್ತದೆ, ಧೂಳು ಹಿಡಿಯುತ್ತದೆ. ಅಲ್ಲಿಗೆ ಪಾಲಿಯುರೆಥೇನ್ ಸೀಲರ್, ಅಂದರೆ ಸಂದಿಗೆ ತುಂಬುವ ಪೇಸ್ಟ್. ಬಿರಿದ ಹಳೆಯ ಸೀಲರ್ ಕೆರೆದು, ಪೂರ್ತಿ ಒಣಗಿಸಿ ಹಚ್ಚಬೇಕು. ಅದು ಗಟ್ಟಿಯಾಗುವುದು ಗಾಳಿಯ ತೇವದಿಂದಲೇ, ಆದ್ದರಿಂದ ನಮ್ಮ ಕಡೆಯ ತೇವದ ಹವೆ ತೊಂದರೆಯಲ್ಲ. ಹಚ್ಚುವ ಜಾಗ ಒಣಗಿರಬೇಕು, ಅಷ್ಟೇ. ಮೇಲೆ ಪೇಂಟ್ ಕೂಡ ಹೊಡೆಯಬಹುದು.

ಸುಮ್ನೆ ಸ್ಟೆಪ್ನಿ ಗುಂಡಿಯ ರಬ್ಬರ್ ಬಿರಡೆ ತೆಗೆದುಬಿಡಿ, ನೀರು ತಾನೇ ಹೋಗುತ್ತದೆ ಎನ್ನುವವರೂ ಇದ್ದಾರೆ. ಕಾರು ನಿಂತಿರುವಾಗ, ಗುಂಡಿ ಒಣಗುವವರೆಗೆ ತೆಗೆದಿಡಿ, ಆಮೇಲೆ ಹಾಕಿಬಿಡಿ. ರಸ್ತೆಯ ಕೆಸರು ಅಲ್ಲಿಂದಲೇ ಒಳಗೆ ಎರಚುತ್ತದೆ. ಸೈಲೆನ್ಸರಿನ ಹೊಗೆಯೂ ಅದೇ ತೂತಿನಿಂದ ಒಳಗೆ ಬರಬಹುದು.