ಐದು ಲೀಟರ್ ಸ್ಟೀಲ್ ಕೆಗ್: ಪಾತ್ರೆ ಬಂಗಾರ, ನಲ್ಲಿ ಬರೇ ನೊರೆ

ನೊರೆಯ ಮಾತು ಮೊದಲು. ಈ ಕೆಗ್, ಅಂದರೆ ಗ್ಯಾಸಿನ ಪಾನೀಯವನ್ನು ಒತ್ತಡದಲ್ಲಿ ಹಿಡಿದಿಡುವ ನಲ್ಲಿಯ ಪಾತ್ರೆ, ಕೊಂಡವರಿಗೆ ಮೊದಲ ವಾರದಲ್ಲೇ ಸಿಟ್ಟು ಬರುವುದು ಅದಕ್ಕೇ. ನಲ್ಲಿ ತಿರುಗಿಸಿದರೆ ಲೋಟದ ತುಂಬ ನೊರೆ, ತಳದಲ್ಲಿ ಎರಡು ಬೆರಳು ಪಾನೀಯ. ಇಳಿಯಲಿ ಎಂದು ಕಾದರೆ ಗ್ಯಾಸೆಲ್ಲ ಹಾರಿಹೋಗಿ ಹುಳಿ ನೀರು ಉಳಿಯುತ್ತದೆ. ವರ್ಷಕ್ಕೂ ಮೇಲೆ ಬಳಸಿ ಹೇಳುತ್ತಿದ್ದೇನೆ: ದೋಷ ನಿಮ್ಮ ಕೈಯದಲ್ಲ, ನಲ್ಲಿಯನ್ನು ಜೋಡಿಸಿದ ರೀತಿಯದು.

ಈ ಪಾತ್ರೆ ತಯಾರಾದದ್ದು ಮನೆಯಲ್ಲಿ ಬಿಯರ್ ಮಾಡುವವರಿಗಾಗಿ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಬೆಳಗಾವಿ ಶಹಾಪುರದ ನಮ್ಮ ಮನೆಯಲ್ಲಿ ಅದನ್ನು ಕುಡಿಯುವವರೂ ಇಲ್ಲ. ನಾನು ತುಂಬುವುದು ಕೊಂಬುಚಾ, ಅಂದರೆ ಹುದುಗಿಸಿದ ಸಿಹಿ ಚಹಾ. ಗ್ಯಾಸು, ಒತ್ತಡ, ನೊರೆ ಇವುಗಳ ಲೆಕ್ಕ ಮಾತ್ರ ಎರಡಕ್ಕೂ ಒಂದೇ. ಅಳತೆ, ತೂಕ, ಸ್ಟೀಲಿನ ದರ್ಜೆ ಎಲ್ಲ ಡಬ್ಬದ ಮೇಲೇ ಇದೆ, ಅದನ್ನು ಬಿಡುತ್ತೇನೆ.

ಒಂದು ಲೀಟರ್ ಪಾನೀಯದಲ್ಲಿ ಎರಡೂವರೆ ಲೀಟರ್ ಇಂಗಾಲದ ಡೈಆಕ್ಸೈಡ್ ಕರಗಿದ್ದರೆ ನಾಲಿಗೆಗೆ ಚುರುಕೆನ್ನುತ್ತದೆ. 4 ಡಿಗ್ರಿ ಥಂಡಿಯಲ್ಲಿ ಅಷ್ಟು ಅನಿಲ ಹಿಡಿದಿಡಲು ಸುಮಾರು 12 ಪಿಎಸ್‌ಐ (ಚದರ ಇಂಚಿಗೆ ಅಷ್ಟು ಪೌಂಡ್) ಒತ್ತಡ ಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒತ್ತಡ ತೋರಿಸುವ ಗೇಜನ್ನು ಇನ್ನೊಂದು ಪಿಎಸ್‌ಐ ಮೇಲೆ ಇಡಬೇಕು. ಈ ಕೆಗ್‌ನಲ್ಲಿ ಆ ಒತ್ತಡವೆಲ್ಲ ಗೇಣುದ್ದದ ಕೊಳವೆ ದಾಟಿ ನೇರ ನಲ್ಲಿಯ ಬಾಯಿಗೆ ಬರುತ್ತದೆ. ನಡುವೆ ತಡೆಯುವುದು ಏನೂ ಇಲ್ಲ. ಒತ್ತಡ ಒಮ್ಮೆಲೇ ಸೊನ್ನೆಗೆ ಬಿದ್ದಾಗ ಕರಗಿದ ಅನಿಲ ಗುಳ್ಳೆಯಾಗಿ ಸಿಡಿಯದೆ ಇನ್ನೇನು ಮಾಡೀತು? ಅದರ ಮೇಲೆ ನಲ್ಲಿ ಫ್ರಿಜ್‌ನ ಹೊರಗೆ ಬೆಚ್ಚಗಿದ್ದರೆ ಮುಗಿಯಿತು. 25 ಡಿಗ್ರಿಯ ನೀರು ಸೊನ್ನೆ ಡಿಗ್ರಿಯ ನೀರಿನ ಅರ್ಧದಷ್ಟು ಅನಿಲವನ್ನೂ ಹಿಡಿದಿಡಲಾರದು.

ಜೊತೆಗೆ ಬಂದ ಪುಸ್ತಿಕೆ 'ಸುರಿಯುವ ಮುನ್ನ ಒತ್ತಡ ಇಳಿಸಿ' ಎನ್ನುತ್ತದೆ. ನಾಲ್ಕೈದು ಜನ ಕೂತು ಒಂದೇ ಸಂಜೆಗೆ ಕೆಗ್ ಖಾಲಿ ಮಾಡುವುದಾದರೆ ಅದು ಸರಿ. ನಮ್ಮಲ್ಲಿ ಮಧ್ಯಾಹ್ನದ ಊಟವಾದ ಮೇಲೆ ತಲಾ ಒಂದು ಲೋಟ, ಅಷ್ಟೇ. ದಿನವೂ ಒತ್ತಡ ಇಳಿಸುತ್ತ ಹೋದರೆ ವಾರದ ಕೊನೆಗೆ ಉಳಿಯುವುದು ಸಪ್ಪೆ ಚಹಾ.

ಪರಿಹಾರ ಹುಡುಕಿ ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋದೆ. ಹೈಡ್ರಾಲಿಕ್ ಸಾಮಾನಿನ ಊರಲ್ಲಿದ್ದು ತೆಳ್ಳನೆಯ ಒಂದು ಪೈಪಿಗೆ ಪರದಾಡಬೇಕೆ? ಅಂಗಡಿಯವರು ಕೆಗ್‌ನ ಮುಚ್ಚಳ ತಿರುಗಿಸಿ ನೋಡಿ, "ಅಕ್ಕಾರ, ನಮ್ಮ ಪೈಪ್ ಎಣ್ಣಿಗೆ, ಗಾಳಿಗೆ ಇರೋವು ರೀ. ಕುಡಿಯೋದಕ್ಕ ನಾ ಕೊಡಂಗಿಲ್ಲ. ನೀರಿನ ಫಿಲ್ಟರ್ ರಿಪೇರಿ ಮಾಡೋರ ಕಡೆ ಕೇಳ್ರಿ" ಎಂದರು. ವ್ಯಾಪಾರ ಬಿಟ್ಟು ಕೊಟ್ಟ ಆ ಸಲಹೆಗೆ ನಾನು ಋಣಿ. ಆರ್‌ಒ ಫಿಲ್ಟರ್‌ಗೆ ಹಾಕುವ ಕಾಲು ಇಂಚಿನ ಬಿಳಿ ಪೈಪು ಕುಡಿಯುವ ನೀರಿಗೆಂದೇ ಮಾಡಿದ್ದು, ಒಳವ್ಯಾಸ ನಾಲ್ಕು ಮಿಲಿಮೀಟರ್ ಚಿಲ್ಲರೆ. ಎರಡು ಮೀಟರಿಗೆ ನೂರು ರೂಪಾಯಿಯೂ ಆಗಲಿಲ್ಲ. ಕೆಗ್‌ಗೂ ನಲ್ಲಿಗೂ ನಡುವೆ ಅದನ್ನು ಜೋಡಿಸಿ, ಸುರುಳಿ ಸುತ್ತಿ, ನಲ್ಲಿ ಸಮೇತ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟೆ. ಪಾನೀಯ ಪೈಪಿನ ಗೋಡೆಗೆ ಉಜ್ಜುತ್ತ ಬರುವುದರಿಂದ ಒತ್ತಡ ದಾರಿಯಲ್ಲೇ ಕರಗುತ್ತದೆ. ಈಗ ಲೋಟ ವಾರೆ ಹಿಡಿದು ನಲ್ಲಿಯನ್ನು ಒಮ್ಮೆಲೇ ಪೂರ್ತಿ ತೆರೆದರೆ ತಿಳಿಯಾದ ಕಂದು ಧಾರೆ, ಮೇಲೆ ಒಂದು ಬೆರಳು ನೊರೆ. ಅರ್ಧ ಮಾತ್ರ ತೆರೆಯಬೇಡಿ, ಆ ಸಂದಿಯಲ್ಲೇ ಮತ್ತೆ ನೊರೆ ಹುಟ್ಟುತ್ತದೆ.

ಅಲ್ಲಿಂದ ಈ ಪಾತ್ರೆಯ ಮೇಲೆ ನನಗೆ ಪ್ರೀತಿ ಬಂತು.

ರವಿವಾರ ಮುಂಜಾನೆ ಲೀಟರಿಗೆ ಎರಡು ಚಮಚ ಚಹಾಪುಡಿ, ಎಪ್ಪತ್ತು ಗ್ರಾಂ ಸಕ್ಕರೆ. ಕುದಿಸಿ, ಸೋಸಿ, ಪೂರ್ತಿ ಆರಿಸಿ, ಹಿಂದಿನ ಸಲದ ಹುಳಿ ಕೊಂಬುಚಾವನ್ನು ಹತ್ತಕ್ಕೆ ಒಂದರಂತೆ ಬೆರೆಸಿ, ಗಾಜಿನ ಬರಣಿಯ ಬಾಯಿಗೆ ಅರಿವೆ ಕಟ್ಟುತ್ತೇನೆ. ಎಲ್ಲರ ಕಣ್ಣು ಮೇಲೆ ತೇಲುವ ಕೆನೆಪದರದ ಮೇಲೆ. ನಾನು ನೋಡುವುದು ಹೆಪ್ಪಿನ ನೀರನ್ನು, ಅಂದರೆ ಬೆರೆಸುವ ಆ ಹಳೆಯ ಹುಳಿ ಕೊಂಬುಚಾವನ್ನು. ಯೀಸ್ಟ್ ಹೆಚ್ಚಾಗಿ ತಳಕ್ಕೆ ಇಳಿದಿರುತ್ತದೆ, ಹಾಗಾಗಿ ತಳದಿಂದ ತೆಗೆದ ಹೆಪ್ಪು ಗ್ಯಾಸು ಬೇಗ ಕೊಟ್ಟರೂ ಬ್ರೆಡ್ಡಿನ ವಾಸನೆ ತರುತ್ತದೆ. ಮೇಲಿನಿಂದ ತೆಗೆದದ್ದು ಹುಳಿ ಹದವಾಗಿ ಬರುತ್ತದೆ. ನಾನು ಮೇಲಿನದನ್ನೇ ಬಳಸುತ್ತೇನೆ. ಏಪ್ರಿಲ್‌ನಲ್ಲಿ ವಾರದೊಳಗೆ ಸಿದ್ಧ. ಜುಲೈನ ಜಿಟಿಜಿಟಿ ಮಳೆಯಲ್ಲಿ ಎರಡು ವಾರ ಹಿಡಿದರೂ ರುಚಿ ಆಗಲೇ ಚಂದ.

ಆಮೇಲಿನದು ನಾನು ನಿರೀಕ್ಷಿಸದ ಸುಖ. ಇದರ 16 ಗ್ರಾಂ ಗ್ಯಾಸ್ ಕಾರ್ಟ್ರಿಜ್ (ಗ್ಯಾಸು ತುಂಬಿದ ಪುಟ್ಟ ಸಿಲಿಂಡರ್) ದುಬಾರಿ. ನಾಲ್ಕು ಲೀಟರಿಗೆ ಚುರುಕು ತುಂಬಲು ಸುಮಾರು 20 ಗ್ರಾಂ ಬೇಕು, ಅಂದರೆ ಒಂದು ಸಾಲದು. ತಿಂಗಳಿಗೆ ಐದುನೂರರ ಮಿತಿ ಹಾಕಿಕೊಂಡ ನನಗೆ ಅದು ಹೊಂದುವ ಖರ್ಚಲ್ಲ. ಆದರೆ ಉಳಿದ ಸಕ್ಕರೆ ತಿಂದು ಯೀಸ್ಟೇ ಗ್ಯಾಸು ಮಾಡಿಕೊಡುತ್ತದೆ! ಕೆಗ್ ಮುಚ್ಚಿ ಅಡುಗೆಮನೆಯ ಮೂಲೆಯಲ್ಲಿಟ್ಟು ದಿನಕ್ಕೆರಡು ಸಲ ಗೇಜ್ ನೋಡುತ್ತೇನೆ. ಬೆಚ್ಚಗಿದ್ದಾಗ ಮುಳ್ಳು 30 ಮುಟ್ಟಿದರೆ ಫ್ರಿಜ್‌ಗೆ. ತಣ್ಣಗಾಗುತ್ತ ಅದು ತಾನಾಗಿ 12ರ ಸುತ್ತ ಇಳಿಯುತ್ತದೆ. ಕಾರ್ಟ್ರಿಜ್ ಬೇಕಾಗುವುದು ಕೆಗ್ ಅರ್ಧ ಖಾಲಿಯಾದ ಮೇಲೆ ತಳ್ಳುವುದಕ್ಕೆ ಮಾತ್ರ. ಇದನ್ನು ಗಾಜಿನ ಬಾಟಲಿಯಲ್ಲಿ ಖಂಡಿತ ಮಾಡಬೇಡಿ, ಬಾಟಲಿಗೆ ಸುರಕ್ಷಾ ವಾಲ್ವ್ ಇರುವುದಿಲ್ಲ. ಯೀಸ್ಟ್ ಕೆಲಸ ಮಾಡಿದಲ್ಲಿ ಅಲ್ಪ ಮದ್ಯಾಂಶವೂ ಹುಟ್ಟುತ್ತದೆ, ಆದ್ದರಿಂದ ಸಣ್ಣ ಮಕ್ಕಳಿಗೆ ನಾನು ಕೊಡುವುದಿಲ್ಲ.

ಹಸಿ ಶುಂಠಿಯ ರಸ, ಜೂನ್‌ನಲ್ಲಿ ನೇರಳೆ ರಸ ಎರಡೂ ಇದಕ್ಕೆ ಒಪ್ಪುತ್ತವೆ. ಎರಡು ಮಡಿಕೆ ಅರಿವೆಯಲ್ಲಿ ಸೋಸಿದ್ದರೆ ಮಾತ್ರ. ನಾರಿನ ಚೂರು ಒಳಗೆ ಉಳಿದರೆ ಅದರ ಮೈಮೇಲೆಲ್ಲ ಗುಳ್ಳೆ ಕಟ್ಟಿ ನೊರೆ ಮರಳುತ್ತದೆ, ಕೊಳವೆಯೂ ಕಟ್ಟುತ್ತದೆ. ಕೆಗ್ ಖಾಲಿಯಾದ ದಿನವೇ ಪೈಪಿಗೆ ಬಿಸಿನೀರು ಹಾಯಿಸಿ.

ಇಷ್ಟೆಲ್ಲ ಮೆಚ್ಚಿದರೂ ನಲ್ಲಿಯನ್ನು ಕ್ಷಮಿಸಲಾರೆ. ಹಿತ್ತಾಳೆಗೆ ಕ್ರೋಮ್ ಬಳಿದ ನಲ್ಲಿ ಅದು. ಕೊಂಬುಚಾದ ಪಿಎಚ್ ಮೂರರ ಆಸುಪಾಸು, ಆ ಹುಳಿಗೆ ಲೇಪ ಎದ್ದು ಮೊದಲ ಗುಟುಕಿಗೆ ಲೋಹದ ರುಚಿ ಬರತೊಡಗಿತು. ಸ್ಟೀಲ್ ನಲ್ಲಿ ಬೇರೆ ಕೊಂಡೆ. ಕೈ ಬಿಗಿಯಿದ್ದವರು ಕೆಗ್ಗೇ ಬೇಡ, ಸೋಡಾ ಬಂದ ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾಡಿ, ಒತ್ತಿ ನೋಡಿ ಗಟ್ಟಿಯಾದ ಕೂಡಲೇ ಫ್ರಿಜ್‌ಗಿಡಿ. ಕೊಳ್ಳುವವರು ಸ್ಟೀಲ್ ನಲ್ಲಿಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಈಗಿನ ಡಬ್ಬಕ್ಕೆ ಐದರಲ್ಲಿ ಮೂರು ನಕ್ಷತ್ರ. ಸ್ಟೀಲ್ ನಲ್ಲಿ, ಎರಡು ಮೀಟರ್ ಪೈಪು ಒಳಗಿಟ್ಟು ಮಾರಿದ ದಿನ ನಾಲ್ಕೂವರೆ ಕೊಡುತ್ತೇನೆ.